ಮೊದಲು ಯಾವುದು, ಆಮೇಲೆ ಯಾವುದು? ಕ್ವಾಂಟಮ್ ಲೋಕದಲ್ಲಿ ಕಾರಣ ಮತ್ತು ಪರಿಣಾಮ

ವಿಶ್ವಸಂಸ್ಥೆ 2025ನ್ನು ಕ್ವಾಂಟಮ್ ವಿಜ್ಞಾನದ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿತ್ತು. ಪರಮಾಣು, ಬೆಳಕಿನ ಕಣಗಳಂಥ ಅತಿ ಚಿಕ್ಕ ವಸ್ತುಗಳ ನಡವಳಿಕೆಯನ್ನು ಹೇಳುವ ವಿಜ್ಞಾನ ಅದು. ಅಲ್ಲಿಂದ ಕ್ವಾಂಟಮ್ ಎಂಬ ಪದ ಎಲ್ಲೆಲ್ಲೂ ಕಿವಿಗೆ ಬೀಳುತ್ತಿದೆ. ಜೊತೆಗೆ ಆಗಾಗ ಒಂದು ಗಾಬರಿ ಹುಟ್ಟಿಸುವ ಮಾತೂ ಬರುತ್ತದೆ: "ಕ್ವಾಂಟಮ್ ಲೋಕದಲ್ಲಿ ಪರಿಣಾಮ ಮೊದಲು ಬಂದು ಕಾರಣ ಆಮೇಲೆ ಬರಬಹುದು." ಇದನ್ನು ಕೇಳಿದವರು ಎರಡು ಗುಂಪಾಗುತ್ತಾರೆ. ಕೆಲವರು ಕಾಲಯಾನದ ಕನಸು ಕಾಣುತ್ತಾರೆ, ಉಳಿದವರು ಇದೆಲ್ಲ ಬುರುಡೆ ಎಂದು ಎದ್ದು ಹೋಗುತ್ತಾರೆ. ವಿಜ್ಞಾನಿಗಳು ನಿಜಕ್ಕೂ ಹೇಳುತ್ತಿರುವುದು ಇವೆರಡೂ ಅಲ್ಲ. ಅವರ ಮಾತು ಇನ್ನೂ ವಿಚಿತ್ರ, ಆದರೆ ತಾಳ್ಮೆಯಿಂದ ಕೂತರೆ ಅರ್ಥವಾಗುವಂಥದ್ದು.

## ಅಜ್ಜಿ ಮಾಡಿದ ಪ್ರಯೋಗ

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ನಿಮಗೆ ಗೊತ್ತಿರುತ್ತದೆ. ಊರಿನವರ ಮೇಲೆ ಸಿಟ್ಟು ಮಾಡಿಕೊಂಡ ಅಜ್ಜಿ ಕೋಳಿಯನ್ನು ಎತ್ತಿಕೊಂಡು ಊರು ಬಿಟ್ಟು ಹೋಗುತ್ತಾಳೆ. ಮಾರನೇ ದಿನ ಊರಿನಲ್ಲಿ ಎಂದಿನ ಹಾಗೆ ಬೆಳಗಾಗುತ್ತದೆ.

ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಅಜ್ಜಿ ತನಗೇ ಗೊತ್ತಿಲ್ಲದೆ ಒಂದು ಒಳ್ಳೆಯ ಪ್ರಯೋಗ ಮಾಡಿದ್ದಳು. ಕೋಳಿ ಕೂಗುವುದು ಮೊದಲು, ಬೆಳಗಾಗುವುದು ಆಮೇಲೆ. ಇದು ದಿನವೂ ನಡೆಯುತ್ತಿತ್ತು, ಒಂದು ದಿನವೂ ತಪ್ಪಿರಲಿಲ್ಲ. ಆದರೂ ಕೂಗು ಬೆಳಗಿಗೆ ಕಾರಣವಲ್ಲ. ಅದು ಗೊತ್ತಾದದ್ದು ಕೋಳಿಯನ್ನು ಅಲ್ಲಿಂದ ತೆಗೆದಾಗ.

ವಿಜ್ಞಾನಿಗಳು ಕಾರಣ ಎಂಬ ಪದವನ್ನು ಹೆಚ್ಚೂಕಡಿಮೆ ಇದೇ ಅರ್ಥದಲ್ಲಿ ಬಳಸುತ್ತಾರೆ. ಒಂದನ್ನು ನಾವು ಬೇಕೆಂದೇ ಬದಲಿಸಿದಾಗ ಇನ್ನೊಂದು ಬದಲಾದರೆ, ಮೊದಲನೆಯದು ಎರಡನೆಯದಕ್ಕೆ ಕಾರಣ. ಎಷ್ಟು ಸಲ ಬದಲಿಸಿದರೂ ಇನ್ನೊಂದು ಅಲುಗಾಡದಿದ್ದರೆ ಅದು ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಇರುವ ಸಂಬಂಧ, ಅಷ್ಟೇ.

ಇದರ ಹಿಂದೆ ನಾವು ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ಅ ಮತ್ತು ಬ ಎಂಬ ಎರಡು ಘಟನೆಗಳಿದ್ದರೆ ಅವುಗಳ ನಡುವೆ ಮೂರೇ ಸಾಧ್ಯತೆ. ಅ ಮೊದಲು ನಡೆದು ಬ ಮೇಲೆ ಪ್ರಭಾವ ಬೀರಬಹುದು. ಬ ಮೊದಲು ನಡೆದು ಅ ಮೇಲೆ ಪ್ರಭಾವ ಬೀರಬಹುದು. ಇಲ್ಲವೇ ಒಂದಕ್ಕೊಂದು ಸಂಬಂಧವೇ ಇಲ್ಲದಿರಬಹುದು. ಮೂರರಲ್ಲಿ ಯಾವುದು ನಿಜ ಎಂದು ನಮಗೆ ಗೊತ್ತಿಲ್ಲದೇ ಇರಬಹುದು. ಆದರೆ ಯಾವುದೋ ಒಂದು ನಿಜ ಇದ್ದೇ ಇರುತ್ತದೆ, ಅಲ್ವಾ?

ಈ ಲೇಖನದ ವಿಷಯ ಆ ಕೊನೆಯ "ಅಲ್ವಾ".

## ಐನ್‌ಸ್ಟೈನ್ ಅಲುಗಾಡಿಸಿದ್ದು ಎಷ್ಟು?

"ಯಾವುದು ಮೊದಲು" ಎಂಬ ಪ್ರಶ್ನೆಗೆ ಮೊದಲ ಪೆಟ್ಟು ಬಿದ್ದದ್ದು ಕ್ವಾಂಟಮ್ ವಿಜ್ಞಾನದಿಂದಲ್ಲ, 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದಿಂದ.

ಸೂರ್ಯನಿಂದ ಬೆಳಕು ಭೂಮಿಗೆ ಬರಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಬರಲಾರದು. ಈಗ ಸೂರ್ಯನ ಮೇಲೆ ಒಂದು ಸ್ಫೋಟ ಆಯಿತು ಎಂದುಕೊಳ್ಳಿ. ಅದಾದ ಎರಡು ನಿಮಿಷಕ್ಕೆ ನೀವು ಇಲ್ಲಿ ಚಪ್ಪಾಳೆ ತಟ್ಟಿದಿರಿ. ಸ್ಫೋಟದ ಸುದ್ದಿ ಇನ್ನೂ ನಿಮ್ಮನ್ನು ತಲುಪಿಲ್ಲ, ಚಪ್ಪಾಳೆಯ ಸದ್ದಂತೂ ಅಲ್ಲಿಗೆ ಹೋಗುವ ಮಾತೇ ಇಲ್ಲ. ಹೀಗೆ ಒಂದು ಇನ್ನೊಂದನ್ನು ಮುಟ್ಟಲಾಗದ ಘಟನೆಗಳಲ್ಲಿ ಯಾವುದು ಮೊದಲು ಎಂಬುದು ನೋಡುವವರ ಚಲನೆಗೆ ತಕ್ಕಂತೆ ಬದಲಾಗುತ್ತದೆ. ಸಾಕಷ್ಟು ವೇಗವಾಗಿ ಸಾಗುತ್ತಿರುವವರ ಲೆಕ್ಕದಲ್ಲಿ ಚಪ್ಪಾಳೆಯೇ ಮೊದಲು ಬೀಳಬಹುದು. ಅವರ ಲೆಕ್ಕವೂ ಸರಿ, ನಿಮ್ಮದೂ ಸರಿ.

ಅದೇ ಚಪ್ಪಾಳೆಯನ್ನು ಹತ್ತು ನಿಮಿಷ ಬಿಟ್ಟು ತಟ್ಟಿದ್ದರೆ ಕಥೆ ಬೇರೆ. ಸ್ಫೋಟದ ಬೆಳಕು ಅಷ್ಟರಲ್ಲಿ ನಿಮ್ಮನ್ನು ತಲುಪಿರುತ್ತದೆ. ಅದನ್ನು ನೋಡಿಯೇ ನೀವು ಚಪ್ಪಾಳೆ ತಟ್ಟಿರಬಹುದು. ಆಗ ಸ್ಫೋಟ ಮೊದಲು, ಚಪ್ಪಾಳೆ ಆಮೇಲೆ ಎಂದು ಎಲ್ಲರೂ ಒಪ್ಪಲೇಬೇಕು, ಯಾವ ವೇಗದಲ್ಲಿ ಹೋಗುತ್ತಿದ್ದರೂ.

ಹಾಗಾಗಿ ಐನ್‌ಸ್ಟೈನ್ ಗಡಿಯಾರಗಳನ್ನು ಅಲುಗಾಡಿಸಿದರೇ ಹೊರತು ಕಾರಣ ಮತ್ತು ಪರಿಣಾಮಗಳ ಸಾಲನ್ನು ಮುಟ್ಟಲಿಲ್ಲ. 1915ರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಭಾರವಾದ ವಸ್ತುವಿನ ಹತ್ತಿರ ಕಾಲ ನಿಧಾನವಾಗಿ ಸಾಗುತ್ತದೆ ಎಂದರು. ಇದು ಬರೀ ಕಾಗದದ ಲೆಕ್ಕವಲ್ಲ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ನಿಮ್ಮ ಫೋನು ತೋರಿಸುವ ಜಾಗವೇ ತಪ್ಪಾಗುತ್ತದೆ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

## ಒಂದೇ ಫೋಟಾನು, ಎರಡು ದಾರಿ

ಇನ್ನು ಕ್ವಾಂಟಮ್ ಲೋಕಕ್ಕೆ ಬರೋಣ. ಇಲ್ಲಿ ಒಂದೇ ಒಂದು ವಿಚಾರ ಗಟ್ಟಿಯಾದರೆ ಸಾಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಅದರ ಹೆಸರು ಸೂಪರ್‌ಪೊಸಿಷನ್.

ಇದನ್ನು "ಒಂದೇ ಸಮಯದಲ್ಲಿ ಎರಡೂ ಕಡೆ ಇರುವುದು" ಎಂದು ಹೇಳಿ ಮುಗಿಸುವುದು ರೂಢಿ. ಆ ಮಾತು ಕೇಳಿದಾಗ ನಿಮಗೆ ಅನುಮಾನ ಬಂದಿದ್ದರೆ ಅದು ನ್ಯಾಯವೇ. ಮುಚ್ಚಿದ ಅಂಗೈಯಲ್ಲಿರುವ ನಾಣ್ಯದ ಬಗ್ಗೆಯೂ ಹಾಗೆ ಹೇಳಬಹುದಲ್ಲ? ತಲೆಯೋ ಬಾಲವೋ ಗೊತ್ತಿಲ್ಲ ಎಂದ ಮಾತ್ರಕ್ಕೆ ಎರಡೂ ಆಗಿದೆ ಎನ್ನುವುದು ಮಾತಿನ ಆಟ. ನಾಣ್ಯ ಯಾವುದೋ ಒಂದು ಆಗಿಯೇ ಇರುತ್ತದೆ. ಫೋಟಾನಿನ ವಿಷಯದಲ್ಲಿ ಹಾಗಲ್ಲ ಎಂದು ನಂಬಲು ಸಾಕ್ಷಿ ಬೇಕು. ಸಾಕ್ಷಿ ಹೀಗಿದೆ.

ಬೆಳಕಿನ ಅತಿ ಚಿಕ್ಕ ಕಣಕ್ಕೆ ಫೋಟಾನು ಎನ್ನುತ್ತಾರೆ. ಬಿದ್ದ ಬೆಳಕಿನಲ್ಲಿ ಅರ್ಧವನ್ನು ದಾಟಿಸಿ ಅರ್ಧವನ್ನು ಪ್ರತಿಫಲಿಸುವ ಗಾಜು ಸಿಗುತ್ತದೆ. ಅದನ್ನು ಅರೆಗನ್ನಡಿ ಎಂದು ಕರೆಯೋಣ. ಒಂದು ಅರೆಗನ್ನಡಿಗೆ ಒಂದೊಂದೇ ಫೋಟಾನು ಬಿಡುತ್ತೇವೆ. ಅಲ್ಲಿಂದ ಎಡದ ದಾರಿ, ಬಲದ ದಾರಿ ಎಂದು ಎರಡು ದಾರಿ ಹೊರಡುತ್ತವೆ. ಮುಂದೆ ಸಾಮಾನ್ಯ ಕನ್ನಡಿಗಳಿಂದ ತಿರುಗಿಸಿ ಎರಡನ್ನೂ ಮತ್ತೊಂದು ಅರೆಗನ್ನಡಿಯ ಬಳಿ ಕೂಡಿಸುತ್ತೇವೆ. ಅದರಾಚೆ ಎರಡು ಡಿಟೆಕ್ಟರುಗಳಿವೆ. ಫೋಟಾನು ಬಂದರೆ ಕ್ಲಿಕ್ ಎನ್ನುತ್ತವೆ.

ಫೋಟಾನು ನಾಣ್ಯದಂತೆ ಯಾವುದೋ ಒಂದು ದಾರಿ ಹಿಡಿದು ಬಂದಿದ್ದರೆ, ಎರಡನೇ ಅರೆಗನ್ನಡಿಯಲ್ಲಿ ಮತ್ತೆ ಅರ್ಧಕ್ಕರ್ಧ ಆಗಬೇಕು. ಎರಡೂ ಡಿಟೆಕ್ಟರುಗಳು ಸರಿಸಮ ಕ್ಲಿಕ್ ಎನ್ನಬೇಕು. ಆದರೆ ಎರಡು ದಾರಿಗಳ ಉದ್ದವನ್ನು ಸರಿಯಾಗಿ ಹೊಂದಿಸಿದರೆ ನೂರಕ್ಕೆ ನೂರು ಫೋಟಾನುಗಳೂ ಮೊದಲ ಡಿಟೆಕ್ಟರಿಗೇ ಹೋಗುತ್ತವೆ. ಎರಡನೆಯದು ಮೂಕ.

ಈಗ ಎಡದ ದಾರಿಗೆ ಅಡ್ಡ ಒಂದು ರಟ್ಟು ಇಡಿ. ನೂರು ಫೋಟಾನುಗಳಲ್ಲಿ ಸುಮಾರು 50 ರಟ್ಟಿಗೆ ಬಡಿದು ನಿಲ್ಲುತ್ತವೆ. ಉಳಿದವು ಬಲದ ದಾರಿಯಲ್ಲಿ ಬಂದು 25 ಮೊದಲ ಡಿಟೆಕ್ಟರಿಗೆ, 25 ಎರಡನೆಯದಕ್ಕೆ ಹೋಗುತ್ತವೆ. ಅಂದರೆ ಒಂದು ದಾರಿಯನ್ನು ಮುಚ್ಚಿದ್ದಕ್ಕೆ, ಅಲ್ಲಿಯವರೆಗೆ ಮೂಕವಾಗಿದ್ದ ಡಿಟೆಕ್ಟರ್ ಮಾತಾಡತೊಡಗಿತು! ಬಾಗಿಲು ಮುಚ್ಚಿದರೆ ಒಳಗೆ ಬರುವವರು ಹೆಚ್ಚಾದರು ಎಂದಂತೆ. ಒಂದೊಂದು ಫೋಟಾನೂ ಒಂದೇ ದಾರಿ ಹಿಡಿದಿದ್ದರೆ ಬಲದಲ್ಲಿ ಬಂದದ್ದಕ್ಕೆ ಎಡದ ರಟ್ಟಿನ ಗೊಡವೆ ಏಕೆ?

ಫೋಟಾನಿನ ಅಲೆಯಂಥ ಸ್ವಭಾವ ಎರಡೂ ದಾರಿಗಳಲ್ಲಿ ಹಬ್ಬಿ, ಕೊನೆಯಲ್ಲಿ ಕೂಡಿಕೊಳ್ಳುತ್ತದೆ. ಉಬ್ಬಿಗೆ ಉಬ್ಬು ಸೇರಿದ ಕಡೆ ಬಲವಾಗುತ್ತದೆ, ಉಬ್ಬಿಗೆ ತಗ್ಗು ಸೇರಿದ ಕಡೆ ಅಳಿಸಿಹೋಗುತ್ತದೆ. ಇದಕ್ಕೆ ವ್ಯತಿಕರಣ ಎಂದು ಹೆಸರು. "ಫೋಟಾನು ಯಾವ ದಾರಿಯಲ್ಲಿ ಬಂತು" ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ನಮಗೆ ತಿಳಿದಿಲ್ಲ ಎಂದಲ್ಲ, ಉತ್ತರವೇ ಇಲ್ಲ. ದಾರಿಯಲ್ಲಿ ಎಲ್ಲಾದರೂ ಅದರ ಗುರುತು ಉಳಿದರೆ, ಯಾರೂ ಓದದಿದ್ದರೂ ಸರಿ, ವ್ಯತಿಕರಣ ಮಾಯವಾಗುತ್ತದೆ.

## ಕ್ರಮ ಬದಲಾದರೆ ಏನಾಗುತ್ತದೆ?

ಸ್ವಲ್ಪ ಹೊತ್ತು ಫೋಟಾನನ್ನು ಬದಿಗಿಡೋಣ. ಒಂದು ಪುಸ್ತಕ ತೆಗೆದುಕೊಂಡು, ಮುಖಪುಟ ಮೇಲೆ ಬರುವಂತೆ ಮೇಜಿನ ಮೇಲೆ ನಿಮಗೆ ನೇರವಾಗಿ ಇಡಿ. ಓದಿ ಮುಂದೆ ಹೋಗುವ ಬದಲು ನಿಜವಾಗಿಯೂ ಮಾಡಿ ನೋಡಿ, ಅದರ ರುಚಿಯೇ ಬೇರೆ.

ಅ ಎಂಬ ಕೆಲಸ: ನಿಮ್ಮಿಂದ ದೂರ ಇರುವ ಅಂಚನ್ನು ಎತ್ತಿ, ಮುಖಪುಟ ನಿಮ್ಮ ಕಡೆ ನೋಡುವಂತೆ ಪುಸ್ತಕವನ್ನು ನಿಲ್ಲಿಸುವುದು. ಬ ಎಂಬ ಕೆಲಸ: ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸುವುದು.

ಮೊದಲು ಅ, ಆಮೇಲೆ ಬ ಮಾಡಿ. ಪುಸ್ತಕ ನೆಟ್ಟಗೆ ನಿಂತಿರುತ್ತದೆ, ಮುಖಪುಟ ನಿಮ್ಮ ಎಡಕ್ಕೆ ನೋಡುತ್ತಿರುತ್ತದೆ. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಮೊದಲು ಬ, ಆಮೇಲೆ ಅ ಮಾಡಿ. ಪುಸ್ತಕ ಅಡ್ಡಕ್ಕೆ ನಿಂತಿರುತ್ತದೆ, ಬೆನ್ನು ಮೇಲೆ, ಮುಖಪುಟ ನಿಮ್ಮ ಕಡೆಗೆ.

ಅವೇ ಎರಡು ಕೆಲಸ, ಕ್ರಮ ಮಾತ್ರ ಬೇರೆ. ಫಲವೂ ಬೇರೆ. ಎಲ್ಲ ಕೆಲಸಗಳೂ ಹೀಗಲ್ಲ. ಎಡಗಾಲಿನ ಚಪ್ಪಲಿ ಮೊದಲು ಹಾಕಿದರೂ ಬಲಗಾಲಿನದು ಮೊದಲು ಹಾಕಿದರೂ ವ್ಯತ್ಯಾಸವಿಲ್ಲ. ಆದರೆ ಕಾಲುಚೀಲ ಮತ್ತು ಬೂಟಿನ ವಿಷಯದಲ್ಲಿ ಕ್ರಮ ತಪ್ಪಿದರೆ ನೋಡಿದವರು ನಗುತ್ತಾರೆ.

## ಕ್ವಾಂಟಮ್ ಸ್ವಿಚ್

ಈಗ ಎರಡನ್ನೂ ಸೇರಿಸೋಣ. ಜೂಲಿಯೊ ಕಿರಿಬೆಲ್ಲಾ, ಜಾಕೊಮೊ ಮೌರೊ ದಾರಿಯಾನೊ, ಪಾವ್ಲೊ ಪೆರಿನೊಟ್ಟಿ ಮತ್ತು ಬೆನುವಾ ವಾಲಿರೋನ್ ಎಂಬ ನಾಲ್ವರು 2009ರಲ್ಲಿ ಒಂದು ಉಪಾಯ ಮುಂದಿಟ್ಟರು. ಅದಕ್ಕೆ ಕ್ವಾಂಟಮ್ ಸ್ವಿಚ್ ಎಂದು ಹೆಸರಾಯಿತು.

ಮೇಜಿನ ಮೇಲೆ ಅ ಮತ್ತು ಬ ಎಂಬ ಎರಡು ಪೆಟ್ಟಿಗೆಗಳಿವೆ. ತಮ್ಮ ಮೂಲಕ ಹಾದುಹೋಗುವ ಫೋಟಾನಿನ ಯಾವುದೋ ಒಂದು ಗುಣವನ್ನು ಅವು ಬದಲಿಸುತ್ತವೆ, ಪುಸ್ತಕದ ತಿರುವುಗಳ ಹಾಗೆ. ಎಡದ ದಾರಿ ಹಿಡಿದ ಫೋಟಾನು ಮೊದಲು ಅ, ಆಮೇಲೆ ಬ ದಾಟುವಂತೆ ಕನ್ನಡಿಗಳನ್ನು ಇಡುತ್ತೇವೆ. ಬಲದ ದಾರಿ ಹಿಡಿದದ್ದು ಮೊದಲು ಬ, ಆಮೇಲೆ ಅ ದಾಟುತ್ತದೆ. ಎರಡು ದಾರಿಗೂ ಇರುವುದು ಅವೇ ಎರಡು ಪೆಟ್ಟಿಗೆ, ಬೇರೆ ಜೋಡಿ ಇಲ್ಲ.

ಫೋಟಾನು ಎಡವೋ ಬಲವೋ ಎಂಬುದಕ್ಕೆ ಉತ್ತರವಿಲ್ಲ ಎಂದು ಆಗಲೇ ನೋಡಿದೆವು. ಇಲ್ಲಿ ದಾರಿಯೇ ಕ್ರಮವನ್ನು ನಿರ್ಧರಿಸುತ್ತದೆ. ಹಾಗಿದ್ದ ಮೇಲೆ ಅ ಮೊದಲೋ ಬ ಮೊದಲೋ ಎಂಬ ಪ್ರಶ್ನೆಗೂ ಉತ್ತರ ಇಲ್ಲವಾಯಿತು. ದಾರಿಗಳ ಸೂಪರ್‌ಪೊಸಿಷನ್ ಕ್ರಮಗಳ ಸೂಪರ್‌ಪೊಸಿಷನ್ ಆಯಿತು. ಇದನ್ನೇ "ಅನಿಶ್ಚಿತ ಕಾರಣ ಕ್ರಮ" ಎನ್ನುತ್ತಾರೆ. ಅನಿಶ್ಚಿತ ಎಂದರೆ ನಮಗೆ ತಿಳಿಯದ್ದು ಎಂದಲ್ಲ, ನಿಗದಿಯೇ ಆಗಿರದ್ದು.

ಇದು ಸುಮ್ನೆ ಮಾತಿನ ಚಮತ್ಕಾರವಲ್ಲ ಎಂದು ತೋರಿಸಲು ಕಿರಿಬೆಲ್ಲಾ ಒಂದು ಒಗಟು ಕೊಟ್ಟರು. ಎರಡು ಪೆಟ್ಟಿಗೆಗಳಿವೆ. ಒಂದೋ ಅವು ಚಪ್ಪಲಿಗಳಂತೆ, ಕ್ರಮ ಬದಲಿಸಿದರೂ ಫಲ ಅದೇ. ಇಲ್ಲವೇ ಕ್ರಮ ಬದಲಿಸಿದಾಗ ಫಲದ ಅಲೆ ಪೂರ್ತಿ ತಲೆಕೆಳಗಾಗುತ್ತದೆ, ಉಬ್ಬಿದ್ದ ಕಡೆ ತಗ್ಗು, ತಗ್ಗಿದ್ದ ಕಡೆ ಉಬ್ಬು. ಮೂರನೆಯ ಸಾಧ್ಯತೆ ಇಲ್ಲ. ಒಂದೊಂದು ಪೆಟ್ಟಿಗೆಯನ್ನೂ ಒಂದೇ ಸಲ ಬಳಸಿ ಇವು ಯಾವ ಬಗೆಯವು ಎಂದು ಖಚಿತವಾಗಿ ಹೇಳಬೇಕು.

ಪೆಟ್ಟಿಗೆಗಳನ್ನು ಯಾವುದೇ ನಿಗದಿತ ಕ್ರಮದಲ್ಲಿ ಜೋಡಿಸಿದರೂ ಇದು ಆಗದ ಕೆಲಸ. ಅ ಮೊದಲು ಎಂದು ಒಮ್ಮೆ, ಬ ಮೊದಲು ಎಂದು ಇನ್ನೊಮ್ಮೆ ಮಾಡಿ ಹೋಲಿಸಬೇಕು, ಅಂದರೆ ಎರಡು ಸಲ ಬಳಸಬೇಕು. ಸ್ವಿಚ್‌ನಲ್ಲಿ ಒಂದೇ ಸಲ ಸಾಕು. ಎರಡೂ ಕ್ರಮಗಳ ಅಲೆಗಳು ಕೊನೆಯ ಅರೆಗನ್ನಡಿಯಲ್ಲಿ ತಾವಾಗಿಯೇ ಕೂಡುತ್ತವೆ. ಮೊದಲ ಬಗೆಯ ಪೆಟ್ಟಿಗೆಗಳಾದರೆ ಒಂದು ಡಿಟೆಕ್ಟರ್ ಕ್ಲಿಕ್ ಎನ್ನುತ್ತದೆ, ಎರಡನೆಯ ಬಗೆಯಾದರೆ ಇನ್ನೊಂದು.

## ಮೇಜಿನ ಮೇಲೆ ನಡೆದದ್ದು

ಕಾಗದದ ಮೇಲಿದ್ದ ಉಪಾಯ ಮೇಜಿಗೆ ಬಂದದ್ದು 2015ರಲ್ಲಿ, ವಿಯೆನ್ನಾದಲ್ಲಿ. ಅಲ್ಲಿನ ಪ್ರಯೋಗಾಲಯದಲ್ಲಿ ಮೇಲಿನ ಒಗಟನ್ನೇ ಒಂಟಿ ಫೋಟಾನುಗಳಿಂದ ಬಿಡಿಸಿದರು. ನಿಗದಿತ ಕ್ರಮದಿಂದ ಸಿಗಬಹುದಾದ ಯಶಸ್ಸಿಗಿಂತ ಜಾಸ್ತಿ ಯಶಸ್ಸು ಸಿಕ್ಕಿತು.

ಆದರೂ ಅನುಮಾನಕ್ಕೆ ಜಾಗವಿತ್ತು. ಒಳಗೊಳಗೇ ಯಾರೋ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಅ ಮೊದಲು, ಬಾಲ ಬಿದ್ದರೆ ಬ ಮೊದಲು ಎಂದು ನಿರ್ಧರಿಸುತ್ತಿದ್ದರೆ? ಆಗಲೂ ನಮಗೆ ಕ್ರಮ ಗೊತ್ತಿರುವುದಿಲ್ಲ. ಆದರೆ ಪ್ರತಿ ಸಲವೂ ಒಂದು ಕ್ರಮ ಇದ್ದೇ ಇರುತ್ತದೆ. ಈ ಎರಡನ್ನು ಬೇರೆ ಮಾಡಿ ತೋರಿಸಲು ವಿಜ್ಞಾನಿಗಳು ಒಂದು ಅಳತೆ ಕಟ್ಟಿಕೊಂಡರು. ಅದರ ಹೆಸರಿನ ಅರ್ಥ "ಕಾರಣ ಕ್ರಮದ ಸಾಕ್ಷಿ". ಹಲವು ಬಗೆಯ ಪೆಟ್ಟಿಗೆಗಳನ್ನಿಟ್ಟು ಫಲಿತಾಂಶಗಳನ್ನು ಕೂಡಿಸಿ ಕಳೆದು ಒಂದು ಸಂಖ್ಯೆ ಪಡೆಯುತ್ತಾರೆ. ಕ್ರಮ ನಿಗದಿಯಾಗಿದ್ದರೆ, ನಾಣ್ಯ ಚಿಮ್ಮಿ ನಿಗದಿಯಾಗಿದ್ದರೂ ಸರಿ, ಆ ಸಂಖ್ಯೆ ಒಂದು ಗೆರೆ ದಾಟುವಂತಿಲ್ಲ. 2017ರಲ್ಲಿ ವಿಯೆನ್ನಾದ ತಂಡ ಅಳೆದಾಗ ದಾಟಿತ್ತು.

ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಬೇರೆಯದೇ ವಿನ್ಯಾಸದ ಸ್ವಿಚ್ ಕಟ್ಟಿತು. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬ ಗುಣ, ಅಂದರೆ ಧ್ರುವೀಕರಣ, ಅಲ್ಲಿ ಕ್ರಮವನ್ನು ನಿಯಂತ್ರಿಸುತ್ತಿತ್ತು. ಪೆಟ್ಟಿಗೆಗಳು ಬದಲಿಸುತ್ತಿದ್ದದ್ದು ಬೆಳಕಿನ ಕಿರಣದ ಆಕಾರವನ್ನು. ಅವರಿಗೆ ಸಿಕ್ಕ ಸಂಖ್ಯೆ ಗೆರೆಯಿಂದ 18 ಸ್ಟ್ಯಾಂಡರ್ಡ್ ಡೀವಿಯೇಶನ್‌ಗಳಷ್ಟು ಆಚೆ ಇತ್ತು. ಅಳತೆಯಲ್ಲಿ ಸಹಜವಾಗಿ ಆಗುವ ಏರುಪೇರಿನ ಒಂದು ಹೆಜ್ಜೆಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಎನ್ನುತ್ತಾರೆ. ಕಣಭೌತಶಾಸ್ತ್ರದಲ್ಲಿ ಐದು ಹೆಜ್ಜೆ ದಾಟಿದರೆ ಹೊಸ ಶೋಧ ಎಂದು ಒಪ್ಪಿಬಿಡುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಫೋಟಾನು ಅ ಪೆಟ್ಟಿಗೆಯನ್ನು ಯಾವ ಹೊತ್ತಿಗೆ ದಾಟಿತು ಎಂದು ಯಾರೂ ಬರೆದುಕೊಳ್ಳುವಂತಿಲ್ಲ. ಹೊತ್ತು ಗೊತ್ತಾದರೆ ಕ್ರಮ ಗೊತ್ತಾಗುತ್ತದೆ, ಕ್ರಮ ಗೊತ್ತಾದ ಕ್ಷಣ ವ್ಯತಿಕರಣ ಹೋಗುತ್ತದೆ. ಆಗ ಉಳಿಯುವುದು ಮಾಮೂಲಿ ನಾಣ್ಯದ ಆಟ. ನಮ್ಮ ದಿನನಿತ್ಯದ ಬದುಕಿನಲ್ಲಿ ಇಂಥದ್ದು ಕಾಣದಿರಲು ಕಾರಣವೂ ಇದೇ. ಬಿದ್ದು ಒಡೆದ ಲೋಟದ ಸುತ್ತ ಗಾಳಿ, ಬೆಳಕು, ಸದ್ದು ಎಲ್ಲವೂ ಇರುತ್ತವೆ. ಯಾವುದು ಮೊದಲು ನಡೆಯಿತು ಎಂಬ ಗುರುತನ್ನು ಅವು ಕ್ಷಣಕ್ಷಣಕ್ಕೂ ಹೊತ್ತೊಯ್ಯುತ್ತಿರುತ್ತವೆ.

## ಹಾಗಾದರೆ ಇದು ಕಾಲಯಾನವೇ?

ಅಲ್ಲ. ಸ್ವಿಚ್‌ನ ಎಡದ ದಾರಿಯನ್ನೇ ನೋಡಿದರೆ ಅ ಮೊದಲು, ಬ ಆಮೇಲೆ. ಅಲ್ಲಿ ಪರಿಣಾಮ ಕಾರಣದ ಹಿಂದೆಯೇ ಬರುತ್ತದೆ. ಬಲದ ದಾರಿಯಲ್ಲೂ ಹಾಗೆಯೇ. ಎಲ್ಲೂ ಯಾವುದೂ ಹಿಂದಕ್ಕೆ ಹರಿಯುವುದಿಲ್ಲ. ನಿನ್ನೆಗೆ ಸುದ್ದಿ ಕಳಿಸಲು, ಆದದ್ದನ್ನು ಆಗದಂತೆ ಮಾಡಲು ಇದರಿಂದ ಸಾಧ್ಯವಿಲ್ಲ. ಫೋಟಾನು ಎಲ್ಲಕ್ಕಿಂತ ಮೊದಲು ಒಳಗೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ಹೊರಗೆ ಬರುತ್ತದೆ. ಆರಂಭ, ಅಂತ್ಯ ಎರಡೂ ಖಚಿತ. ನಡುವೆ ನಡೆದ ಎರಡು ಘಟನೆಗಳ ಸಾಲು ಮಾತ್ರ ನಿಗದಿಯಾಗಿಲ್ಲ.

"ಪರಿಣಾಮ ಮೊದಲು, ಕಾರಣ ಆಮೇಲೆ" ಎಂಬ ತಲೆಬರಹ ತಪ್ಪುವುದು ಇಲ್ಲೇ. ಅದೂ ಒಂದು ಖಚಿತ ಕ್ರಮವೇ, ತಿರುಗಿಸಿ ಇಟ್ಟಿದ್ದಾರೆ ಅಷ್ಟೇ.

## ನೂರಕ್ಕೆ 75ರ ಗೆರೆ

ಸ್ವಿಚ್‌ಗಿಂತ ಒಂದು ಹೆಜ್ಜೆ ಮುಂದೆ ಹೋದ ಆಟವೂ ಇದೆ. ಓಗ್ನ್ಯಾನ್ ಒರೆಶ್ಕೋವ್, ಫಾಬಿಯೊ ಕೋಸ್ಟಾ, ಚಾಸ್ಲಾವ್ ಬ್ರುಕ್ನರ್ ಇದನ್ನು 2012ರಲ್ಲಿ ಪ್ರಕಟಿಸಿದರು. ಭೌತಶಾಸ್ತ್ರದ ಉದಾಹರಣೆಗಳಲ್ಲಿ ತಪ್ಪದೆ ಬರುವ ಆಲಿಸ್ ಮತ್ತು ಬಾಬ್ ಇಲ್ಲೂ ಇದ್ದಾರೆ. ಒಬ್ಬೊಬ್ಬರೂ ಒಂದೊಂದು ಮುಚ್ಚಿದ ಕೋಣೆಯಲ್ಲಿ. ಕೋಣೆಗೆ ಒಂದು ಪೊಟ್ಟಣ ಒಂದೇ ಸಲ ಒಳಗೆ ಬರಬಹುದು, ಒಂದೇ ಸಲ ಹೊರಗೆ ಹೋಗಬಹುದು. ಇಬ್ಬರೂ ತಮ್ಮ ತಮ್ಮ ನಾಣ್ಯ ಚಿಮ್ಮುತ್ತಾರೆ. ಈ ಸಲ ಯಾರು ಯಾರ ನಾಣ್ಯವನ್ನು ಊಹಿಸಬೇಕು ಎಂಬುದನ್ನು ಬಾಬ್‌ನ ಬಳಿಯಿರುವ ಇನ್ನೊಂದು ನಾಣ್ಯ ಹೇಳುತ್ತದೆ.

ಪೊಟ್ಟಣ ಆಲಿಸ್‌ಳಿಂದ ಬಾಬ್‌ಗೆ ಹೋಗುತ್ತದೆ ಎಂದುಕೊಳ್ಳಿ. ಆಲಿಸ್ ತನ್ನ ನಾಣ್ಯದ ಸುದ್ದಿಯನ್ನು ಅದರಲ್ಲಿ ಬರೆದು ಕಳಿಸಬಹುದು. ಊಹಿಸುವ ಸರದಿ ಬಾಬ್‌ನದಾದರೆ ನೂರಕ್ಕೆ ನೂರು ಸರಿ. ಸರದಿ ಆಲಿಸ್‌ಳದಾದರೆ ಅವಳಿಗೆ ಬಾಬ್‌ನಿಂದ ಏನೂ ಬಂದಿಲ್ಲ, ಕಣ್ಣುಮುಚ್ಚಿ ಹೇಳಬೇಕು, ಅರ್ಧ ಸಲ ಮಾತ್ರ ಸರಿ. ಸರಾಸರಿ ನೂರಕ್ಕೆ 75. ಪೊಟ್ಟಣ ಆ ಕಡೆಯಿಂದ ಈ ಕಡೆಗೆ ಬಂದರೂ ಲೆಕ್ಕ ಅದೇ. ಕ್ರಮ ಒಂದು ಇದ್ದ ಮೇಲೆ 75 ದಾಟಲು ಆಗುವುದಿಲ್ಲ.

ಆದರೆ ಕೋಣೆಗಳ ಒಳಗೆ ಮಾತ್ರ ಮಾಮೂಲಿ ಕ್ವಾಂಟಮ್ ನಿಯಮಗಳಿರಲಿ, ಹೊರಗೆ ಎಲ್ಲರಿಗೂ ಒಂದೇ ಕಾಲಕ್ರಮ ಇರಲೇಬೇಕು ಎಂಬ ಷರತ್ತು ಬೇಡ ಎಂದು ಬಿಟ್ಟರೆ, ಗಣಿತ ಸುಮಾರು 85ರವರೆಗೆ ಬಿಡುತ್ತದೆ. ಇದನ್ನು ನಿಜವಾಗಿ ಮಾಡಿ ತೋರಿಸುವ ಯಂತ್ರ ಮಾತ್ರ ಯಾರಿಗೂ ಹೊಳೆದಿಲ್ಲ. ಕ್ವಾಂಟಮ್ ಸ್ವಿಚ್‌ಗೂ ಇಂಥ ಆಟಗಳ ಗೆರೆ ದಾಟುವ ಶಕ್ತಿ ಇಲ್ಲ. ಪ್ರಕೃತಿಯಲ್ಲಿ 85ಕ್ಕೆ ಜಾಗ ಇದೆಯೇ, ಅಥವಾ ಗಣಿತ ಬಿಟ್ಟದ್ದನ್ನು ಪ್ರಕೃತಿ ತಡೆಯುತ್ತದೆಯೇ ಎಂಬುದು ಈ ಕ್ಷೇತ್ರದ ದೊಡ್ಡ ಪ್ರಶ್ನೆಗಳಲ್ಲಿ ಒಂದು.

## ಅಸಲಿಯೋ, ಅನುಕರಣೆಯೋ?

ಇಲ್ಲಿಯವರೆಗೆ ಓದಿದವರಿಗೆ ಒಂದು ತಕರಾರು ಹೊಳೆದಿರಬಹುದು. ವಿಜ್ಞಾನಿಗಳ ನಡುವೆಯೂ ಅದೇ ತಕರಾರು ನಡೆಯುತ್ತಿದೆ.

ಮೇಜಿನ ಮೇಲಿನ ಪ್ರಯೋಗದಲ್ಲಿ ಎಡದ ದಾರಿ ಹಿಡಿದ ಫೋಟಾನು ಅ ಪೆಟ್ಟಿಗೆಯನ್ನು ಬೇಗ ತಲುಪುತ್ತದೆ, ಬಲದ ದಾರಿ ಹಿಡಿದದ್ದು ತಡವಾಗಿ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ಈ ಅಂತರ ತೀರ ಚಿಕ್ಕದು, ಆದರೆ ಇದೆ. ಪ್ರಯೋಗಾಲಯದ ಗೋಡೆ ಗಡಿಯಾರ ಎಂದಿನಂತೆ ನಡೆಯುತ್ತಿದೆ. ಹಾಗಿದ್ದರೆ ಇಲ್ಲಿರುವುದು ಎರಡು ಘಟನೆಗಳಲ್ಲ, ನಾಲ್ಕು: "ಅ ಬೇಗ", "ಅ ತಡವಾಗಿ", "ಬ ಬೇಗ", "ಬ ತಡವಾಗಿ". ಆ ನಾಲ್ಕರ ಕ್ರಮ ಖಚಿತವಾಗಿಯೇ ಇದೆಯಲ್ಲ? ಆದ್ದರಿಂದ ಇದು ಅನಿಶ್ಚಿತ ಕ್ರಮದ ಅನುಕರಣೆ ಅಷ್ಟೇ ಎನ್ನುತ್ತಾರೆ ಒಂದು ಪಕ್ಷದವರು.

ಇನ್ನೊಂದು ಪಕ್ಷದವರ ಉತ್ತರ: ಫೋಟಾನು ಒಂದೇ. ಅ ಪೆಟ್ಟಿಗೆಯೊಳಗೆ ಎಷ್ಟು ಸಲ ಹೋಯಿತು ಎಂದು ಎಣಿಸುವ, ಆದರೆ ಹೊತ್ತನ್ನು ಗುರುತಿಸದ ಒಂದು ಸಾಧನ ಇಟ್ಟರೆ ಅದು "ಒಂದು" ಎಂದೇ ತೋರಿಸುತ್ತದೆ. ಅಂದ ಮೇಲೆ ಅದು ಒಂದೇ ಘಟನೆ, ಕಾಲದಲ್ಲಿ ಹರಡಿಕೊಂಡ ಘಟನೆ. ಘಟನೆ ಎಂದರೆ ಗಡಿಯಾರದಲ್ಲಿ ಒಂದು ಬಿಂದು ಎಂದು ನಾವು ಯಾಕೆ ಹಟ ಹಿಡಿಯಬೇಕು?

ನಿಜ ಹೇಳಬೇಕೆಂದರೆ ಜಗಳ ಇರುವುದು ಪ್ರಯೋಗದ ಫಲಿತಾಂಶದ ಬಗ್ಗೆ ಅಲ್ಲ. ಅಂಕಿಗಳನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಘಟನೆ ಎಂಬ ಪದಕ್ಕೆ ಏನು ಅರ್ಥ ಕೊಡಬೇಕು ಎಂಬಲ್ಲಿ ಅವರು ಬೇರೆಯಾಗುತ್ತಾರೆ.

## ಇದರಿಂದ ಏನಾದರೂ ಉಪಯೋಗ?

ಒಂದು ಉಪಯೋಗ ಆಗಲೇ ಕಂಡಿತು, ಕಡಿಮೆ ಬಳಕೆಯಲ್ಲಿ ಜಾಸ್ತಿ ತಿಳಿಯುವುದು. ಕ್ವಾಂಟಮ್ ಕಂಪ್ಯೂಟರುಗಳಲ್ಲಿ ಕೆಲವು ಲೆಕ್ಕಗಳನ್ನು ಕಡಿಮೆ ಹೆಜ್ಜೆಗಳಲ್ಲಿ ಮುಗಿಸಲು ಇದು ದಾರಿಯಾಗಬಹುದು.

ಇನ್ನೊಂದು ಸುದ್ದಿ ಸಾಗಣೆಯದು. ಒಂದು ತಂತಿಯಲ್ಲಿ ಎಷ್ಟು ಗದ್ದಲ ಎಂದರೆ ಈ ಕಡೆ ಏನು ಹೇಳಿದರೂ ಆ ಕಡೆ ಅರ್ಥವಿಲ್ಲದ ಸದ್ದೇ ಕೇಳುತ್ತದೆ. ಅಂಥ ಎರಡು ತಂತಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಏನಾದೀತು? ಏನೂ ಆಗದು. ಆದರೆ ಆ ಎರಡು ತಂತಿಗಳ ಕ್ರಮವನ್ನು ಸೂಪರ್‌ಪೊಸಿಷನ್‌ನಲ್ಲಿ ಇಟ್ಟರೆ ಅಷ್ಟಿಷ್ಟು ಸುದ್ದಿ ದಾಟುತ್ತದೆ ಎಂದು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇದಕ್ಕೂ ಆಕ್ಷೇಪ ಬಂತು. ಕ್ರಮದ ಗೊಡವೆಯೇ ಇಲ್ಲದೆ, ದಾರಿಗಳನ್ನು ಮಾತ್ರ ಸೂಪರ್‌ಪೊಸಿಷನ್‌ನಲ್ಲಿ ಇಟ್ಟರೂ ಇಂಥ ಲಾಭ ಸಿಗುತ್ತದೆ ಎಂದು ಬೇರೆಯವರು ತೋರಿಸಿದರು. ಹಾಗಾಗಿ ಲಾಭದ ಕೀರ್ತಿ ಯಾರಿಗೆ ಸಲ್ಲಬೇಕು ಎಂಬ ಚರ್ಚೆ ಇದೆ.

## ಎಲ್ಲ ಶುರುವಾದದ್ದು ಗುರುತ್ವದಿಂದ

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಮೂಲ ಪ್ರೇರಣೆ ಕಂಪ್ಯೂಟರ್ ಒಂದೇ ಅಲ್ಲ. ಭೌತಶಾಸ್ತ್ರದ ಎರಡು ದೊಡ್ಡ ಸಿದ್ಧಾಂತಗಳು ಇನ್ನೂ ಒಂದೇ ಮನೆಯಲ್ಲಿ ಬಾಳುತ್ತಿಲ್ಲ. 1915ರ ಸಾಪೇಕ್ಷತೆಯಲ್ಲಿ ಯಾವುದು ಯಾವುದಕ್ಕೆ ಕಾರಣವಾಗಬಲ್ಲದು ಎಂಬುದು ಭಾರವನ್ನು ಎಲ್ಲಿ ಇಟ್ಟಿದ್ದೇವೆ ಎಂಬುದಕ್ಕೆ ತಕ್ಕಂತೆ ಬೇರೆಯಾಗಬಲ್ಲದು, ಯಾಕೆಂದರೆ ಭಾರ ಎಲ್ಲಿದೆ ಎಂಬುದರ ಮೇಲೆ ಕಾಲದ ಓಟ ನಿಂತಿದೆ. ಆದರೆ ಅಲ್ಲಿ ಎಲ್ಲವೂ ಖಚಿತ. ಕ್ವಾಂಟಮ್‌ನಲ್ಲಿ ಗುಣಗಳು ಅನಿಶ್ಚಿತ, ಆದರೆ ಅಲ್ಲಿ ಕಾಲದ ಕ್ರಮ ನಿಗದಿತ. ಎರಡನ್ನೂ ಬೆಸೆದರೆ ಕ್ರಮವೇ ಅನಿಶ್ಚಿತವಾಗುವ ಲೋಕ ಸಿಗಬೇಕು ಎಂದು ಭೌತವಿಜ್ಞಾನಿ ಲೂಸಿಯನ್ ಹಾರ್ಡಿ ಈ ಶತಮಾನದ ಮೊದಲ ದಶಕದಲ್ಲೇ ವಾದಿಸಿದ್ದರು.

2019ರಲ್ಲಿ ಮ್ಯಾಗ್ಡಲೀನಾ ಜಿಚ್, ಕೋಸ್ಟಾ, ಇಗೊರ್ ಪಿಕೊವ್ಸ್ಕಿ ಮತ್ತು ಬ್ರುಕ್ನರ್ ಅದಕ್ಕೊಂದು ಚಿತ್ರ ಕೊಟ್ಟರು. ಅ ಮತ್ತು ಬ ಎಂಬ ಎರಡು ಗಡಿಯಾರಗಳಿವೆ. ಪ್ರತಿಯೊಂದೂ ತನ್ನ ಮುಳ್ಳು ಒಂದು ಗೊತ್ತಾದ ಹೊತ್ತು ತೋರಿಸಿದಾಗ ತನ್ನ ಕೆಲಸ ಮಾಡುತ್ತದೆ. ಒಂದು ಭಾರವಾದ ವಸ್ತು ಅ ಹತ್ತಿರ ಇದ್ದರೆ ಅದರ ಗಡಿಯಾರ ನಿಧಾನ, ಹಾಗಾಗಿ ಬ ಕೆಲಸ ಮೊದಲು ಮುಗಿದು ಅದರ ಸುದ್ದಿ ಅ ತಲುಪುತ್ತದೆ. ವಸ್ತು ಬ ಹತ್ತಿರ ಇದ್ದರೆ ಇದರ ಉಲ್ಟಾ. ಈಗ ಆ ಭಾರವಾದ ವಸ್ತುವನ್ನೇ ಫೋಟಾನಿನಂತೆ ಎರಡು ಜಾಗಗಳ ಸೂಪರ್‌ಪೊಸಿಷನ್‌ನಲ್ಲಿ ಇಟ್ಟರೆ? ಆಗ ಅನಿಶ್ಚಿತವಾಗುವುದು ಫೋಟಾನಿನ ದಾರಿಯಲ್ಲ, ಕಾಲದ ಓಟವೇ. "ಬೇಗ", "ತಡ" ಎಂದು ಹೇಳಲು ಗೋಡೆ ಗಡಿಯಾರದ ನೆರವೂ ಉಳಿಯುವುದಿಲ್ಲ. ನಾಲ್ಕು ಘಟನೆಗಳ ತಕರಾರಿಗೆ ಅಲ್ಲಿ ಕಾಲೂರಲು ಜಾಗ ಕಡಿಮೆ.

ಇದನ್ನು ಮಾಡಿ ನೋಡಲು ಅಡ್ಡಿ ಇರುವುದು ವಸ್ತುವಿನ ಭಾರದಲ್ಲಿ. ಗಡಿಯಾರಗಳ ಕಡೆಯಿಂದ ನೋಡಿದರೆ ಪರಿಸ್ಥಿತಿ ಚೆನ್ನಾಗಿದೆ. 2022ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ವಿಜ್ಞಾನಿಗಳು ಒಂದೇ ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸಕ್ಕೆ ಕಾಲದ ಓಟ ಎಷ್ಟು ಬದಲಾಗುತ್ತದೆ ಎಂದು ಅಳೆದರು. ಆದರೆ ಅವರು ಅಳೆದದ್ದು ಇಡೀ ಭೂಮಿಯ ಭಾರದಿಂದ ಆಗುವ ವ್ಯತ್ಯಾಸವನ್ನು. ಭಾರದ ಕಡೆಯಿಂದ ನೋಡಿದರೆ, 2019ರಲ್ಲಿ ವಿಯೆನ್ನಾದಲ್ಲಿ ಎರಡು ದಾರಿಗಳ ಸೂಪರ್‌ಪೊಸಿಷನ್‌ಗೆ ತಂದ ದೊಡ್ಡ ಅಣುಗಳಲ್ಲಿ ಇದ್ದದ್ದು ಹೆಚ್ಚೆಂದರೆ 2,000 ಪರಮಾಣುಗಳು. ಒಂದು ಧೂಳಿನ ಕಣದ ಮುಂದೆ ಕೂಡ ಅದು ಲೆಕ್ಕಕ್ಕಿಲ್ಲದಷ್ಟು ಹಗುರ.